ಮಾರ್ಚ್ ತಿಂಗಳ ಹಾಜರಿ

ಮಾರ್ಚ್ 6

ಅಕ್ಕಾ,

ನೀನು ಹೋಗಿ ಇನ್ನೂ ಆರು ದಿನ. ಆಗಲೇ ಶಾಲೆಯೊಳಗೆ ಕಾಲಿಟ್ಟರೆ ಹೊಟ್ಟೆ ತೊಳಸುತ್ತದೆ. ಉತ್ಪ್ರೇಕ್ಷೆ ಅಂದುಕೊಳ್ಳಬೇಡ, ಬಣ್ಣದ ವಾಸನೆ ಅಂಥದ್ದು. ನಿನ್ನ ಜಾಗಕ್ಕೆ ಹೊಸ ಫಾದರ್ ಬಂದ ಮರುದಿನವೇ ಕಾರಿಡಾರಿನ ಗೋಡೆಗೆ ಹಾಲಿನ ಬಣ್ಣ ಬಳಿಸಿದರು. ಮಕ್ಕಳು ಅಂಟಿಸಿದ್ದ ಚಿತ್ರಗಳನ್ನೆಲ್ಲ ಕಿತ್ತು ಗೋಣಿಚೀಲಕ್ಕೆ ತುಂಬಿಸಿದರು. "ಗಲೀಜು ಟೀಚರ್, ನೋಡೋಕೆ ಒಂಥರಾ ಇರತ್ತೆ" ಅಂದರು. ಬಾಯಲ್ಲಿ ಯಾವಾಗಲೂ ಒಂದು ಪೆಪ್ಪರಮಿಂಟು. ಅದನ್ನು ಚೀಪುತ್ತಲೇ ಮಾತಾಡುತ್ತಾರೆ, ಚೀಪುತ್ತಲೇ ಬೈಯುತ್ತಾರೆ. ಬಿಳಿ ನಿಲುವಂಗಿಯಲ್ಲಿ ಒಂದು ಮಡಿಕೆ ಕೂಡ ಆಚೀಚೆ ಆಗುವುದಿಲ್ಲ. ಐದನೇ ಕ್ಲಾಸಿನವರು ಆಗಲೇ ಇಸ್ತ್ರಿ ಫಾದರ್ ಅಂತ ಹೆಸರಿಟ್ಟಾಗಿದೆ. ನಾನು ಗದರಿದೆ, ಆಮೇಲೆ ಸ್ಟಾಫ್ ರೂಮಿಗೆ ಬಂದು ನಕ್ಕೆ.

ಹನ್ನೊಂದು ವರ್ಷ ನೀನು ಇಲ್ಲಿ ಹೆಡ್ಮಿಸ್ಟ್ರೆಸ್, ನಾನು ನಿನ್ನ ಕೈಕೆಳಗೆ ಮೂರನೇ ಕ್ಲಾಸಿನ ಟೀಚರ್. ಒಡಹುಟ್ಟಿದವಳಿಗೆ ದಿನಾ ಬೆಳಗ್ಗೆ ಕೈಕಟ್ಟಿ ನಿಂತು "ಗುಡ್ ಮಾರ್ನಿಂಗ್ ಸಿಸ್ಟರ್" ಅನ್ನುವಾಗ ಮೈ ಉರಿಯುತ್ತಿತ್ತು. ಈಗ ಅನಿಸುತ್ತದೆ, ಅದೇ ಎಷ್ಟೋ ಚೆನ್ನಾಗಿತ್ತು. ವರ್ಷ ಮುಗಿಯಲು ಒಂದೇ ತಿಂಗಳಿರುವಾಗ ನಿನ್ನನ್ನು ಎತ್ತಿ ಆ ಬೆಟ್ಟದ ಮೇಲಿನ ಮೌನಾಶ್ರಮಕ್ಕೆ ಹಾಕುವ ಅವಸರ ಏನಿತ್ತೋ. ಫೋನನ್ನೂ ಕಸಿದಿಟ್ಟುಕೊಂಡರಂತೆ. ಅದಕ್ಕೇ ಈ ಕಾಗದ. ಇಪ್ಪತ್ತು ವರ್ಷದ ನಂತರ ಅಂಚೆಪೆಟ್ಟಿಗೆ ಹುಡುಕಿಕೊಂಡು ಹೋದೆ.

ನಿನ್ನೆ ಮೀಟಿಂಗಿನಲ್ಲಿ ಫಾದರ್ ಹೇಳಿದರು, ಮುಂದಿನ ವರ್ಷದಿಂದ ನಮ್ಮದು ಮಾದರಿ ಶಾಲೆಯಂತೆ. ಮೂರರಿಂದ ನಾಲ್ಕಕ್ಕೆ ಹೋಗುವವರ ಓದು "ಗಟ್ಟಿ" ಇರಬೇಕಂತೆ. ನನಗೆ ತಕ್ಷಣ ನೆನಪಾದದ್ದು ಗುಬ್ಬಿ. ಚರ್ಚು ಗುಡಿಸುವ ಹೆಂಗಸಿನ ಮಗಳು, ನಿನಗೆ ಗೊತ್ತಲ್ಲ. ಅಕ್ಷರಗಳು ಅವಳ ಕಣ್ಣಿಗೆ ಇನ್ನೂ ತಿರುಗುಮುರುಗು. ಆದರೆ ಬಾಯಿಲೆಕ್ಕ ಹೇಳಿದರೆ ನನಗಿಂತ ಮೊದಲು ಉತ್ತರ. ನೀನು ಇದ್ದಿದ್ದರೆ "ಇನ್ನೊಂದು ವರ್ಷ ಕೊಡೋಣ" ಅಂತ ಒಂದು ಮಾತಲ್ಲಿ ಮುಗಿಸುತ್ತಿದ್ದೆ. ಇವರಿಗೆ ನಾನು ಏನು ಹೇಳಲಿ? ಒಂದು ದಾರಿ ಬರೆ.

ನಿನ್ನ ತಂಗಿ

ಮಾರ್ಚ್ 15

ಪ್ರೀತಿಯ ಪುಟ್ಟಿ,

ದೇವರ ಶಾಂತಿ ನಿನ್ನೊಂದಿಗಿರಲಿ. ಇಲ್ಲಿ ಬೆಳಗ್ಗೆ ನಾಲ್ಕೂವರೆಗೆ ಗಂಟೆ. ಪ್ರಾರ್ಥನೆ, ಮೇಣದಬತ್ತಿ ಮಾಡುವ ಕೆಲಸ, ಮತ್ತೆ ಪ್ರಾರ್ಥನೆ. ಕರಗಿದ ಮೇಣವನ್ನು ಅಚ್ಚಿಗೆ ಸುರಿಯುವುದು ನನ್ನ ಪಾಲು. ಮೊಣಕಾಲು ಸ್ವಲ್ಪ ಸುಧಾರಿಸಿದೆ. ಊಟದ ಹೊತ್ತಿಗೂ ಮಾತಿಲ್ಲ. ಮೊದಮೊದಲು ಕಷ್ಟವಾಯಿತು, ಈಗ ಹಿತವಾಗಿದೆ.

ನಿನ್ನ ಕಾಗದ ಓದಿದೆ. ಹೊಸಬರಿಗೆ ಸಮಯ ಕೊಡು. ಪ್ರತಿಯೊಬ್ಬರಿಗೂ ತಮ್ಮ ತಮ್ಮ ರೀತಿ ಇರುತ್ತದೆ. ಬಣ್ಣ ಬಳಿಸಿದರೆ ತಪ್ಪೇನು? ಆ ಗೋಡೆ ನಿಜಕ್ಕೂ ಕೊಳೆಯಾಗಿತ್ತು, ನನಗೇ ಬಳಿಸಲು ಆಗಿರಲಿಲ್ಲ. ನಿನಗೆ ಕಹಿಯಾಗಿರುವುದು ಬಣ್ಣದಿಂದಲ್ಲ ಎಂದು ನನಗೆ ಅನಿಸುತ್ತದೆ. ನನ್ನ ನಂತರ ಆ ಕುರ್ಚಿ ನಿನಗೇ ಸಿಗುತ್ತದೆ ಎಂದು ಟೀಚರುಗಳೆಲ್ಲ ಹೇಳುತ್ತಿದ್ದರು. ಸಿಗಲಿಲ್ಲ. ಅದನ್ನು ದೇವರಿಗೆ ಒಪ್ಪಿಸಿಬಿಡು. ಮನಸ್ಸಿನಲ್ಲಿ ಇಟ್ಟುಕೊಂಡರೆ ಎಲ್ಲವೂ ಗಲೀಜಾಗಿಯೇ ಕಾಣುತ್ತದೆ.

ಮಗುವಿನ ವಿಷಯ ಪ್ರಾರ್ಥಿಸುತ್ತೇನೆ.

ಇನ್ನೊಂದು ಮಾತು. ಆಫೀಸಿನ ಕಬ್ಬಿಣದ ಬೀರುವಿನಲ್ಲಿ ನಾನು ಬಿಟ್ಟುಬಂದ ಒಂದು ನೀಲಿ ಕಡತವಿದೆ. ಅದರ ಬಗ್ಗೆ ಗುಮಾಸ್ತರು ಏನಾದರೂ ಕೇಳಿದರೆ ನನಗೆ ತಿಳಿಸು. ಅವಸರವೇನಿಲ್ಲ.

ನಿನ್ನ ಅಕ್ಕ

ಮಾರ್ಚ್ 30

ಅಕ್ಕಾ,

ಕುರ್ಚಿಯಂತೆ! ಆ ಕುರ್ಚಿಗೆ ಬೆಂಕಿ ಬೀಳಲಿ. ಅದರ ಮಾತು ಆಮೇಲೆ. ಮೊದಲು ಇದನ್ನು ಓದು.

ಮೊನ್ನೆ ವರ್ಷದ ಕೊನೆಯ ಬಲಿಪೂಜೆ. ಫಾದರ್ ಒಳ್ಳೆಯ ಕುರುಬನ ಮೇಲೆ ಪ್ರಸಂಗ ಮಾಡಿದರು, ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೋದವನ ಕಥೆ. ಹೆಂಗಸರು ಕಣ್ಣೊರೆಸಿಕೊಂಡರು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಫಲಿತಾಂಶ. ನನ್ನ ಕ್ಲಾಸಿನ ಮೂವತ್ತೆಂಟು ಮಕ್ಕಳಲ್ಲಿ ಏಳು ಮಕ್ಕಳ ಮನೆಯವರಿಗೆ ಮಾತ್ರ ಅಂಟಿಸಿದ ಲಕೋಟೆ. ನಾನು ಹುಬ್ಬೇರಿಸಿದೆ. "ವಿಶೇಷ ಪತ್ರ ಟೀಚರ್, ಆಫೀಸಿಂದು" ಅಂದರು ಫಾದರ್, ಪೆಪ್ಪರಮಿಂಟನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಿರುಗಿಸುತ್ತಾ.

ಗುಬ್ಬಿಯ ಅಮ್ಮನಿಗೆ ಓದಲು ಬರುವುದಿಲ್ಲ. ಲಕೋಟೆ ಒಡೆದರೆ ಮೇಲೆ ಮಾತೆ ಮರಿಯಳ ಬಣ್ಣದ ಚಿತ್ರ, ಪಿನ್ನು ಹೊಡೆದು ಸೇರಿಸಿದ್ದು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಹತ್ತಿರ ಓಡಿ ಬಂದಳು. "ಪಾಸಾ ಟೀಚರ್? ನೋಡಿ, ಚಿತ್ರ ಬೇರೆ ಕೊಟ್ಟಿದಾರೆ!" ಚಿತ್ರ ಎತ್ತಿ ಕೆಳಗೆ ನೋಡಿದೆ. ಟಿ.ಸಿ. ಮಗು ಶಾಲೆ ಬಿಟ್ಟದ್ದು ಫೆಬ್ರವರಿ ಇಪ್ಪತ್ತಾರಕ್ಕೆ, ಪೋಷಕರ ಕೋರಿಕೆಯಂತೆ, ಎಂದು ಬರೆದಿತ್ತು. ಕೆಳಗೆ ನಿನ್ನ ಸಹಿ.

ದೇವರ ಚಿತ್ರವನ್ನು ಪಿನ್ನು ಹೊಡೆದು ಸೇರಿಸಿದ್ದಾರಲ್ಲ ಅಕ್ಕಾ, ಅದನ್ನು ನೋಡಿ ನನಗೆ ನಿಜವಾಗಿ ವಾಕರಿಕೆ ಬಂತು. ಹೊರದಬ್ಬುವುದಾದರೆ ಕತ್ತು ಹಿಡಿದು ದಬ್ಬಿ. ಮರಿಯಳ ಕೈಯಲ್ಲಿ ದಬ್ಬಿಸಬೇಕಾ? ಅವಳಿಗೆ ವಿಷಯ ಹೇಳಿದೆ. ಅವಳು ಅಳಲಿಲ್ಲ. "ಇನ್ನೊಂದ್ ಶಾಲೆ ಹೆದ್ದಾರಿ ಆಚೆಗಿದೆ, ಎರಡು ಬಸ್ಸು. ನನಗೆ ಬೆಳಗ್ಗೆ ಆರಕ್ಕೆ ಇಲ್ಲಿ ಕೆಲಸ. ಹುಡುಗೀನ ಯಾರು ಬಿಡ್ತಾರೆ ಟೀಚರ್? ಮನೇಲೇ ಇರ್ತಾಳೆ ಬಿಡಿ" ಅಂದಳು. ಎಂಟು ವರ್ಷದ ಮಗು, ಮನೆಯಲ್ಲೇ ಇರುತ್ತದಂತೆ.

ಮಾರ್ಚ್ ಪೂರ್ತಿ ಆ ಏಳು ಮಕ್ಕಳೂ ಶಾಲೆಗೆ ಬಂದಿದ್ದಾರೆ. ಪರೀಕ್ಷೆ ಬರೆದಿದ್ದಾರೆ. ತಿಂಗಳ ಹಾಜರಿ ಹಾಳೆ ನನ್ನ ಕೈಬರಹದಲ್ಲೇ ಇದೆ. ಫೆಬ್ರವರಿಯಲ್ಲೇ ಶಾಲೆ ಬಿಟ್ಟ ಮಗು ಮಾರ್ಚ್ ಇಪ್ಪತ್ತೇಳಕ್ಕೆ ನನ್ನ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿತ್ತಾ? ಈ ತೊಡಕು ಫಾದರ್‌ಗೂ ಹೊಳೆದಿದೆ. ನಿನ್ನೆ ಕರೆದು ಖಾಲಿ ಹಾಜರಿ ಹಾಳೆ ಕೊಟ್ಟರು. "ಮಾರ್ಚಿಂದು ಒಂದ್ಸಲ ನೀಟಾಗಿ ಕಾಪಿ ಮಾಡ್ಬಿಡಿ ಟೀಚರ್. ಮೂವತ್ತೊಂದು ಹೆಸರು ಸಾಕು." ಯೋಚಿಸುತ್ತೇನೆ ಎಂದು ತಂದಿದ್ದೇನೆ. ಮುಖಕ್ಕೆ ಎಸೆಯಬೇಕಿತ್ತು.

ಈಗ ನೀನು ಹೇಳು. ಆ ಸಹಿ ನೀನು ಹಾಕಿದ್ದಾ? ಹೋಗುವ ಮೊದಲೇ ಈ ಏಳು ಹೆಸರು ನಿನಗೆ ಗೊತ್ತಿತ್ತಾ? ಸುತ್ತಿ ಬಳಸಿ ಬೇಡ. ಹೌದು ಅಥವಾ ಇಲ್ಲ.

ನಿನ್ನ ತಂಗಿ

ಏಪ್ರಿಲ್ 9

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಸಹಿ ನನ್ನದೇ. ಅದಕ್ಕಿಂತ ಹೆಚ್ಚು ಬರೆಯಲಾರೆ. ಇಲ್ಲಿ ಬರುವ ಹೋಗುವ ಕಾಗದಗಳನ್ನೆಲ್ಲ ಆಶ್ರಮದ ಹಿರಿಯ ಮದರ್ ಓದುತ್ತಾರೆ. ಕೆಲವು ವಿಷಯಗಳನ್ನು ದೇವರ ಕೈಗೆ ಬಿಡಬೇಕು. ದೊಡ್ಡವರ ವ್ಯವಹಾರದಲ್ಲಿ ಕೈಹಾಕಿ ನಿನ್ನ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡ. ಇನ್ನು ಇದರ ಬಗ್ಗೆ ಬರೆಯದಿದ್ದರೆ ಒಳ್ಳೆಯದು.

ಇಲ್ಲಿ ಬೆಳಗಿನ ಹೊತ್ತು ಮಂಜು ಮುಸುಕುತ್ತದೆ. ನೀನು ಕಳಿಸಿದ ಉಣ್ಣೆಯ ಶಾಲು ಬಹಳ ಉಪಯೋಗಕ್ಕೆ ಬಂತು.

ಅಕ್ಕ

ಏಪ್ರಿಲ್ 14

ಮಾನ್ಯ ಸಿಸ್ಟರ್ ಅವರಿಗೆ,

ತಮ್ಮ ಕಾಗದ ತಲುಪಿತು. ಮಂಜು ಮುಸುಕಿದ್ದು ತಿಳಿದು ಸಂತೋಷವಾಯಿತು. ಶಾಲು ಬೆಚ್ಚಗಿದೆಯಲ್ಲ, ಸಾಕು.

ನಿಮ್ಮಂಥವರ ಶಾಂತಿ ನೋಡಿದರೆ ನನಗೆ ಹೇಸಿಗೆಯಾಗುತ್ತದೆ. ಮಗುವನ್ನು ಬೀದಿಗೆ ಬಿಟ್ಟ ಕೈ ಅದೇ, ಮೇಣದಬತ್ತಿ ಮಾಡುವ ಕೈಯೂ ಅದೇ. ನಿಮ್ಮ ಬತ್ತಿ ಯಾರ ಬಲಿಪೀಠದ ಮೇಲೆ ಉರಿಯುತ್ತದೋ ಅವರನ್ನು ದೇವರೇ ಕಾಪಾಡಲಿ. ಇಲ್ಲಿ ಒಬ್ಬರು ಪೆಪ್ಪರಮಿಂಟು ಚೀಪುತ್ತಾ ಪಾಪ ಮಾಡುತ್ತಾರೆ, ಅಲ್ಲಿ ಒಬ್ಬರು ಜಪಸರ ಎಣಿಸುತ್ತಾ. ನನಗೆ ಇಬ್ಬರಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅವರಾದರೂ ಕಣ್ಣೆದುರಿಗಿದ್ದಾರೆ.

ಮೊನ್ನೆ ಗುಬ್ಬಿಯನ್ನು ನೋಡಿದೆ. ರಜೆಯಲ್ಲವಾ, ಶಾಲೆ ಬಿಡಿಸಿದ್ದನ್ನು ಇನ್ನೂ ಅವಳಿಗೆ ಹೇಳಿಲ್ಲವಂತೆ. ಚರ್ಚಿನ ಬೆಂಚುಗಳನ್ನು ಅಮ್ಮನ ಜೊತೆ ಒರೆಸುತ್ತಿದ್ದಳು. "ಟೀಚರ್, ನಾಲ್ಕನೇ ಕ್ಲಾಸಲ್ಲಿ ಕಿಟಕಿ ಪಕ್ಕ ಕೂತ್ಕೋಬಹುದಾ?" ಎಂದು ಕೇಳಿದಳು. ಹೂಂ ಅಂದುಬಿಟ್ಟೆ.

ಇದಕ್ಕೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಮೂರನೇ ತರಗತಿಯ ಶಿಕ್ಷಕಿ

ಮೇ 11

ಪುಟ್ಟಿ,

ಉತ್ತರ ಬರೆಯಬೇಡ ಎಂದು ನೀನು ಹೇಳಿದ್ದೆ. ಹತ್ತಿರ ಹತ್ತಿರ ತಿಂಗಳು ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ಮೊದಲು ಒಂದು ಸುಳ್ಳನ್ನು ಸರಿಪಡಿಸುತ್ತೇನೆ. ಇಲ್ಲಿ ಯಾರೂ ಕಾಗದ ಓದುವುದಿಲ್ಲ. ಮದರ್‌ಗೆ ಕಣ್ಣೇ ಸರಿಯಾಗಿ ಕಾಣುವುದಿಲ್ಲ, ಪಾಪ. ನಿನಗೆ ಉತ್ತರ ಕೊಡಲು ಧೈರ್ಯವಿರಲಿಲ್ಲ, ಅದಕ್ಕೆ ಅವರ ಹೆಸರು ಹೇಳಿದೆ.

ನೀಲಿ ಕಡತದ ಕಥೆ ಕೇಳು. ನಮ್ಮಲ್ಲಿಗೆ ಬರುವ ಎಷ್ಟೋ ಮಕ್ಕಳ ಅಪ್ಪ ಅಮ್ಮ ಕಟ್ಟಡದ ಕೆಲಸದವರು. ಒಂದು ಕಡೆ ಕೆಲಸ ಮುಗಿದರೆ ಮರುದಿನವೇ ಗಂಟು ಮೂಟೆ ಕಟ್ಟುತ್ತಾರೆ. ನಾನು ಮೀಟಿಂಗಿಗೆ ಹೋಗಿರುವ ದಿನವೇ ಟಿ.ಸಿ.ಗೆ ಬಂದು ನಿಲ್ಲುತ್ತಿದ್ದರು. ಸಹಿಗಾಗಿ ಕಾಯಿಸಿದರೆ ಮಗುವಿಗೆ ಮುಂದಿನ ಊರಿನಲ್ಲಿ ಸೀಟು ತಪ್ಪುತ್ತದೆ. ಹಾಗಾಗಿ ಖಾಲಿ ಟಿ.ಸಿ.ಗಳಿಗೆ ಹತ್ತು ಹತ್ತರಂತೆ ಸಹಿ ಹಾಕಿ ಗುಮಾಸ್ತರ ಕೈಗೆ ಕೊಡುತ್ತಿದ್ದೆ. ನಿಯಮದ ಪ್ರಕಾರ ತಪ್ಪು. ವರ್ಷಗಟ್ಟಲೆ ಮಾಡಿದೆ, ಒಳ್ಳೆಯದೇ ಆಯಿತು, ನನಗೆ ಅದರ ಮೇಲೆ ಸ್ವಲ್ಪ ಜಂಬವೂ ಇತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಪೆದ್ದಿ ಎಂದುಕೊಂಡು ನೀನು ಕ್ಷಮಿಸುತ್ತಿದ್ದೆ. ಆದರೆ ಅಧಿಕಾರ ಒಪ್ಪಿಸಿದ ದಿನ ಫಾದರ್ ಆ ಕಡತ ನೋಡಿದರು. "ಇನ್ನೊಂದಿಪ್ಪತ್ತು ಹಾಕ್ಬಿಡಿ ಸಿಸ್ಟರ್, ನನ್ನ ಸಹಿ ಊರ್ಜಿತ ಆಗೋ ತನಕ ಬೇಕಾಗತ್ತೆ" ಎಂದರು. ಯಾಕೆ ಅಷ್ಟು ಎಂದು ಕೇಳಿದೆ. "ಸ್ವಲ್ಪ ಕಸ ತೆಗೀಬೇಕಲ್ಲ" ಎಂದು ನಕ್ಕರು. ಯಾವ ಕಸ ಎಂದು ನಾನು ಕೇಳಲಿಲ್ಲ. ಯಾಕೆಂದರೆ ನನಗೆ ಅರ್ಥವಾಗಿತ್ತು, ಪುಟ್ಟಿ. ಹೊರಗೆ ಜೀಪು ನಿಂತಿತ್ತು. ಹನ್ನೊಂದು ವರ್ಷ ಒಬ್ಬೊಬ್ಬರೊಂದಿಗೂ ಜಗಳವಾಡಿ ಸಾಕಾಗಿತ್ತು. ಇದೊಂದು ದಿನ ಜಗಳವಿಲ್ಲದೆ ಹೊರಟುಬಿಡೋಣ ಎನಿಸಿತು. ಇಪ್ಪತ್ತು ಸಲ ನನ್ನ ಹೆಸರು ಬರೆದು ಜೀಪು ಹತ್ತಿದೆ. ನಿನ್ನ ಪ್ರಶ್ನೆಗೆ ಉತ್ತರ: ಹೆಸರುಗಳು ಗೊತ್ತಿರಲಿಲ್ಲ. ಉಳಿದದ್ದೆಲ್ಲ ಗೊತ್ತಿತ್ತು.

ಮೌನ ಹಿತವಾಗಿದೆ ಎಂದು ಬರೆದಿದ್ದೆನಲ್ಲ. ಹಿತವಾಗಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಈಗ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತಿದೆ.

ಧರ್ಮಪ್ರಾಂತ್ಯದ ಶಿಕ್ಷಣ ಕಚೇರಿಗೆ ಎರಡು ವಾರದ ಹಿಂದೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಸಹಿ ಹಾಕುವಾಗ ಟಿ.ಸಿ.ಗಳು ಖಾಲಿ ಇದ್ದವು, ಅವು ಸುಳ್ಳು, ರದ್ದು ಮಾಡಿ, ಎಂದು. ಇನ್ನು ನನಗೆ ಯಾವ ಶಾಲೆಯನ್ನೂ ಕೊಡುವುದಿಲ್ಲ, ಅದಿರಲಿ. ಒಬ್ಬಳ ಮಾತನ್ನು ಅವರು ನಂಬಲಿಕ್ಕಿಲ್ಲ. ಆದರೆ ನಿನ್ನ ಹಾಜರಿ ಹಾಳೆ ಇದೆಯಲ್ಲ, ಅದೇ ಸಾಕ್ಷಿ ಎಂದೂ ಬರೆದಿದ್ದೇನೆ. ನಮ್ಮಿಬ್ಬರಲ್ಲಿ ಬೆನ್ನುಮೂಳೆ ಇರುವವಳು ನೀನೇ ಎಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಮೇ ಇಪ್ಪತ್ತೇಳಕ್ಕೆ ವಿಚಾರಣೆಗೆ ಬರುತ್ತಾರೆಂದು ನಿನ್ನೆ ಉತ್ತರ ಬಂತು. ಆ ಹಾಳೆಯನ್ನು ಅವರ ಕೈಗೆ ಕೊಡು.

ಅಕ್ಕ

ಮೇ 19

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಹಾಜರಿ ಹಾಳೆಯ ಮಾತು ಬಂದಲ್ಲೆಲ್ಲ ಕಣ್ಣು ಮುಚ್ಚಿಕೊಂಡೆ.

ಆ ಹಾಳೆ ಈಗ ಇಲ್ಲ.

ಏಪ್ರಿಲ್ ಮೂರಕ್ಕೆ ನಾನು ಕಾಪಿ ಮಾಡಿ ಕೊಟ್ಟೆ. ಹೌದು, ನಿನಗೆ ಆ ಹೊಲಸು ಕಾಗದ ಬರೆಯುವ ಹನ್ನೊಂದು ದಿನ ಮೊದಲೇ. ಫಾದರ್ ಇನ್ನೊಮ್ಮೆ ಕರೆಸಿ, "ಹಳೇ ಹಾಳೆ ಇದ್ರೆ ನಿಮ್ಮಕ್ಕನ ಮರ್ಯಾದೆ ಹೋಗತ್ತೆ ಟೀಚರ್, ಯೋಚ್ನೆ ಮಾಡಿ. ನಿಮ್ಮ ಕೆಲಸದ ರಿನ್ಯೂವಲ್ಲೂ ನನ್ನ ಟೇಬಲ್ ಮೇಲೇ ಇದೆ" ಎಂದರು. ನಿನಗಾಗಿ ಮಾಡಿದೆ ಎಂದು ಹೇಳಿಕೊಳ್ಳಲು ಬಹಳ ಆಸೆ. ಅರ್ಧ ಸುಳ್ಳಾಗುತ್ತದೆ. ಬಹುಶಃ ಅರ್ಧಕ್ಕಿಂತ ಹೆಚ್ಚು.

ಖಾಲಿ ಕ್ಲಾಸಿನಲ್ಲಿ, ನನ್ನದೇ ಮೇಜಿನ ಮುಂದೆ ಕೂತು ಬರೆದೆ. ಮೂವತ್ತೊಂದು ಹೆಸರು. ಅನುಮಾನ ಬಾರದಿರಲಿ ಎಂದು ಎರಡು ಪೆನ್ನು ಬದಲಿಸಿ ಬರೆದೆ ನೋಡು, ಅಷ್ಟು ಜಾಣೆ. ಗುಬ್ಬಿಯ ಹೆಸರಿದ್ದ ಜಾಗಕ್ಕೆ ಮುಂದಿನ ಹುಡುಗನ ಹೆಸರು ಬಂತು. ಬರೆದು ಮುಗಿಸಿ ನಲ್ಲಿಯಲ್ಲಿ ಕೈ ತೊಳೆದೆ, ಇಂಕಿನ ಕಲೆ ಹೋಯಿತು. ಮನೆಗೆ ಹೋಗಿ ಹೊಟ್ಟೆತುಂಬ ಊಟ ಮಾಡಿದೆ. ಆ ಊಟ ನೆನೆಸಿಕೊಂಡರೆ ಈಗ ಮೈಯೆಲ್ಲ ಹೇಸಿಗೆ. ಹಳೆಯ ಹಾಳೆಯನ್ನು ಫಾದರ್ ನನ್ನೆದುರೇ ನಾಲ್ಕಾಗಿ ಹರಿದರು.

ಆಮೇಲೆ ನಿನ್ನ ಮಂಜಿನ ಕಾಗದ ಬಂತು. ನಾನು ಬೈಯಬೇಕಾಗಿದ್ದದ್ದು ನನ್ನನ್ನೇ, ನೀನು ಕೈಗೆ ಸಿಕ್ಕೆ. ಮೈಮೇಲಿನ ಕೊಳೆಯನ್ನೆಲ್ಲ ನಿನ್ನ ಶಾಲಿಗೆ ಒರೆಸಿ ಕಳಿಸಿದೆ.

ಈಗ ನೋಡು ಎಲ್ಲಿಗೆ ಬಂತು. ನೀನು ಸಾಕ್ಷಿ ಎಂದು ಬರೆದ ನನ್ನ ಕೈಬರಹವೇ ನಿನ್ನನ್ನು ಸುಳ್ಳಿ ಮಾಡುತ್ತದೆ. ಕಚೇರಿಯವರು ಆ ಹಾಳೆ ನೋಡುತ್ತಾರೆ, ಮಕ್ಕಳು ಮಾರ್ಚಿನಲ್ಲಿ ಇರಲೇ ಇಲ್ಲ ಎನ್ನುತ್ತಾರೆ, ಸಿಸ್ಟರ್‌ಗೆ ವಯಸ್ಸಾಯಿತು, ಮರೆವು ಎನ್ನುತ್ತಾರೆ. ಗುಬ್ಬಿ ಮನೆಯಲ್ಲೇ ಇರುತ್ತಾಳೆ. ಇನ್ನು ಉಳಿದಿರುವುದು ನನ್ನ ಬಾಯಿ ಒಂದೇ. ಆ ದಿನ ಅದು ತೆರೆಯುತ್ತದೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಪುಟ್ಟಿ

ಮೇ 24

ಪುಟ್ಟಿ,

ನೀನು ಬಾಯಿ ಬಿಡದಿದ್ದರೂ ನಾನು ನಿನ್ನ ಹೆಸರು ಎತ್ತುವುದಿಲ್ಲ. ಮರೆವು ಎಂದರೆ ಮರೆವು ಎನ್ನುತ್ತೇನೆ. ಇದು ಬೆದರಿಕೆಯಲ್ಲ, ಉಪದೇಶವೂ ಅಲ್ಲ. ನಿನಗೆ ಉಪದೇಶ ಮಾಡುವ ಯೋಗ್ಯತೆ ನನಗೆ ಉಳಿದಿಲ್ಲ.

ಆದರೆ ಕಿಟಕಿ ಪಕ್ಕ ಕೂರಬಹುದಾ ಎಂದು ಕೇಳಿದ ಮಗುವಿಗೆ ಹೂಂ ಎಂದವಳು ನಾನಲ್ಲ.

ಅಕ್ಕ

ಜೂನ್ 3

ಅಕ್ಕಾ,

ಕಚೇರಿಯಿಂದ ಬಂದವರು ಒಬ್ಬ ಮುದುಕ ಗುರುಗಳು. ಕಿವಿ ಸ್ವಲ್ಪ ಮಂದ. ಒಂದು ಕಾಲದಲ್ಲಿ ತಾವೇ ಐದನೇ ಕ್ಲಾಸಿಗೆ ಪಾಠ ಮಾಡಿದವರಂತೆ. ಇಸ್ತ್ರಿ ಫಾದರ್ ಹಾಜರಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟರು. ಮುದುಕರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಿನಿಂದ ಸವರಿದರು. "ತಿಂಗಳೆಲ್ಲಾ ಕ್ಲಾಸಲ್ಲಿದ್ದ ಹಾಳೇನಾ ಇದು? ಒಂದು ಎಣ್ಣೆ ಕಲೆ ಇಲ್ಲ, ಒಂದು ಮೂಲೆ ಮಡಚಿಲ್ಲ. ಇಷ್ಟು ಮಡಿಯಾದ ಹಾಜರಿ ನಾನು ಜನ್ಮದಲ್ಲಿ ನೋಡಿಲ್ಲಮ್ಮ" ಅಂದು ನನ್ನ ಮುಖ ನೋಡಿದರು. ಫಾದರ್ ಕೂಡ ನೋಡಿದರು. ಪೆಪ್ಪರಮಿಂಟು ಚೀಪುವುದು ನಿಂತಿತ್ತು.

"ಇದು ಸುಳ್ಳು ಹಾಳೆ ಫಾದರ್, ನಾನೇ ಬರ್ದಿದ್ದು" ಅಂದೆ. ಮುದುಕರಿಗೆ ಕೇಳಿಸಲಿಲ್ಲ. ಎರಡನೇ ಸಲ ಕೂಗಿ ಹೇಳಬೇಕಾಯಿತು. ಪಾಪನಿವೇದನೆಯಲ್ಲಿ ಪಿಸುಗುಟ್ಟಿ ಅಭ್ಯಾಸ, ಕೂಗಿ ಹೇಳುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಗುಮಾಸ್ತರು ತಲೆ ತಗ್ಗಿಸಿ ಕಡತದ ದಾರ ಬಿಚ್ಚಿ ಕಟ್ಟಿ ಮಾಡುತ್ತಿದ್ದರು.

ಏಳು ಟಿ.ಸಿ.ಗಳೂ ರದ್ದು. ಏಳೂ ಮಕ್ಕಳು ವಾಪಸ್. ನಿನಗೆ ಇನ್ನು ಶಾಲೆ ಇಲ್ಲ, ಅದು ನಿನಗೂ ಬಂದಿರಬೇಕು ಕಾಗದದಲ್ಲಿ. ನನ್ನ ರಿನ್ಯೂವಲ್ ಆಗಲಿಲ್ಲ. ದಾಖಲೆ ತಿದ್ದಿದವಳನ್ನು ಇಟ್ಟುಕೊಳ್ಳುವಂತಿಲ್ಲ, ಸರಿಯೇ. ಫಾದರ್‌ಗೆ ಒಂದು ಎಚ್ಚರಿಕೆಯ ಪತ್ರ. ಅವರು ಅಲ್ಲೇ ಇದ್ದಾರೆ.

ಮೊನ್ನೆ ಶಾಲೆ ಶುರುವಾಯಿತು. ಕ್ಲಾಸಿನ ಬೀಗದ ಕೈ ಒಪ್ಪಿಸಲು ಹೋಗಿದ್ದೆ. ಅಂಗಳದಲ್ಲಿ ಪ್ರಾರ್ಥನೆ, ಫೋಟೋದವನೂ ಬಂದಿದ್ದ. ಫಾದರ್ ಆ ಏಳು ಮಕ್ಕಳನ್ನು ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ, ಕೈಗೊಂದು ಹೂವು ಕೊಟ್ಟು ಮೈಕ್ ಹಿಡಿದರು. "ಹಿಂದೆ ಇದ್ದೋರ ತಪ್ಪಿನಿಂದ ಈ ಪುಟ್ಟ ಮಕ್ಕಳು ಹೊರಗೆ ಉಳಿದಿದ್ರು. ನಮ್ಮ ಶಾಲೆ ಬಾಗಿಲು ಮುಚ್ಚಲ್ಲ. ಎಲ್ಲರೂ ಜೋರಾಗಿ ಒಂದು ಚಪ್ಪಾಳೆ!" ಹಿಂದೆ ಇದ್ದವರು ಎಂದರೆ ನೀನು, ಮತ್ತು ಗೇಟಿನ ಹತ್ತಿರ ಬೀಗದ ಕೈ ಹಿಡಿದು ನಿಂತ ನಾನು. ಗುಬ್ಬಿಯ ಅಮ್ಮ ಪೊರಕೆಯನ್ನು ಕಂಬಕ್ಕೆ ಒರಗಿಸಿ ಓಡಿ ಬಂದು ಫಾದರ್ ಕೈಗೆ ಮುತ್ತಿಟ್ಟಳು. "ನಿಮ್ ಉಪಕಾರ ಮರೆಯಲ್ಲ ಫಾದರ್" ಅಂದಳು. ಅವಳದೇ ಆಗಿದ್ದನ್ನು ಕಸಿದು, ಮತ್ತೆ ಕೊಟ್ಟು, ಅವಳ ಕೈಲೇ ಉಪಕಾರ ಅನ್ನಿಸಿದರಲ್ಲ ಅಕ್ಕಾ. ಫೋಟೋದವನು "ಇನ್ನೊಂದ್ಸಲ" ಅಂದ. ಅವಳು ಇನ್ನೊಂದು ಸಲ ಮುತ್ತಿಟ್ಟಳು.

ಅಲ್ಲೇ ಕೂಗಿಬಿಡಬೇಕು ಅನಿಸಿತು. ಒಂದು ಸಲ ಕೂಗಿದವಳಿಗೆ ಎರಡನೇ ಸಲ ಕಷ್ಟವಿಲ್ಲ. ಹೆಜ್ಜೆ ಕೂಡ ಮುಂದಿಟ್ಟೆ. ಆಗ ಮೆಟ್ಟಿಲ ಮೇಲಿಂದ ಗುಬ್ಬಿ ನನ್ನನ್ನು ಕಂಡಳು. ಇನ್ನೂರು ಕೈಗಳು ಬಡಿಯುತ್ತಿದ್ದವು, ಅವಳು ನನ್ನ ಕೈ ಮಾತ್ರ ನೋಡುತ್ತಿದ್ದಳು. ಟೀಚರ್ ಚಪ್ಪಾಳೆ ಹೊಡೆಯದಿದ್ದರೆ ತಾನು ವಾಪಸ್ ಬಂದದ್ದು ಟೀಚರ್‌ಗೆ ಇಷ್ಟವಿಲ್ಲ ಎಂದೇ ಅವಳು ತಿಳಿಯುವುದು. ಎಂಟು ವರ್ಷದ ಮಗುವಿಗೆ ಬೇರೆ ಏನು ತಿಳಿಯಬೇಕು?

ಬೀಗದ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಆ ಮನುಷ್ಯನಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ, ಅಕ್ಕಾ. ಗುಬ್ಬಿ ನಗುವ ತನಕ ಹೊಡೆದೆ.

ಪುಟ್ಟಿ